ಗಿಟಲ್ ಮನೆಯ ಕೋಳಿಸಾರು

ಇಸ್ರೇಲಿನಲ್ಲಿ ಸಂಪ್ರದಾಯಸ್ಥ ಯಹೂದಿಗಳ ಊರಾದ ಬ್ನೇ ಬ್ರಾಕ್‌ನಲ್ಲಿ ಹೆನ್ಯಾಳ ಚಿಕಿತ್ಸೆಯ ಕೋಣೆ ಇರುವುದು ವಿಗ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಬೇಕೆಂದೇ ಹುಡುಕಿ ಹಿಡಿದ ಜಾಗ ಅದು. ಮದುವೆಯಾದ ಹೆಂಗಸು ಕೂದಲು ಮುಚ್ಚಿಕೊಳ್ಳುವ ವಿಗ್ ಬಾಚಿಸಲು ಮೆಟ್ಟಿಲು ಹತ್ತಿದರೆ ಯಾರೂ ಹುಬ್ಬೇರಿಸುವುದಿಲ್ಲ. ಮನಸ್ಸಿನ ಡಾಕ್ಟರ ಬಳಿಗೆ ಹತ್ತಿದಳೆಂದು ಗೊತ್ತಾದರೆ, ಇನ್ನೂ ಹಲ್ಲು ಬರದ ಅವಳ ಮಗಳಿಗೂ ಮುಂದೆ ಗಂಡು ಸಿಗುವುದು ಕಷ್ಟ. ಬರುವ ಗಂಡಸರು ಬೀದಿಯಲ್ಲಿ ಸಿಕ್ಕವರಿಗೆ ಏನು ನೆಪ ಹೇಳುತ್ತಾರೋ ಆ ದೇವರೇ ಬಲ್ಲ.

ಹೆನ್ಯಾಳ ತಂದೆ ಶಾಸ್ತ್ರಪ್ರಕಾರ ಕೋಳಿ ಕೊಯ್ಯುವವರು. ಐದು ಮಕ್ಕಳಾದ ಮೇಲೆ, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಅವಳು ಮನಶ್ಶಾಸ್ತ್ರ ಓದುತ್ತೇನೆಂದಾಗ ಅತ್ತೆ ಮೂಗು ಮುರಿದರು. "ನಮ್ಮ ಪವಿತ್ರ ತೋರಾದಲ್ಲಿ ಇಲ್ಲದ್ದು ಅಲ್ಲೇನಿದೆಯಮ್ಮಾ?" ಕಾಲೇಜಿನಲ್ಲಿ ಪ್ರೊಫೆಸರರು ಇನ್ನೊಂದು ಕಡೆಯಿಂದ ಕುಟುಕಿದರು. "ಅಷ್ಟೊಂದು ನಿಯಮಗಳ ಮಧ್ಯೆ ಬದುಕಿಯೂ ನಿಮಗೆ ಹುಚ್ಚು ಹಿಡಿದಿಲ್ವಾ?" ಹದಿನೆಂಟು ವರ್ಷಗಳಿಂದ ಹೆನ್ಯಾ ಎರಡೂ ಕಡೆಯವರಿಗೆ ಉತ್ತರ ಕೊಟ್ಟುಕೊಂಡೇ ಬಂದಿದ್ದಾಳೆ. ಕೊಟ್ಟು ಕೊಟ್ಟು ಸಾಕಾಗಿದೆ. ದೇವರ ಮೇಲೆ ಅವಳಿಗೆ ಒಂದು ಚೂರೂ ಸಿಟ್ಟಿಲ್ಲ. ಸಿಟ್ಟೆಲ್ಲ ದೇವರ ಹೆಸರಿನಲ್ಲಿ ತಮ್ಮನ್ನು ತಾವೇ ಹಿಂಡಿಕೊಳ್ಳುವವರ ಮೇಲೆ.

ಚಿಕಿತ್ಸೆಗೆ ಬರುತ್ತಿದ್ದ ಗಿಟಲ್ ಅಂಥವಳು. ಇಪ್ಪತ್ತೊಂಬತ್ತು ವಯಸ್ಸು, ಮೂರು ಮಕ್ಕಳು, ತಿಕ್ಕಿ ತೊಳೆದು ಬಿರುಕುಬಿಟ್ಟ ಅಂಗೈ. ಹಾಲು ಮಾಂಸ ಬೆರೆಯಬಾರದೆಂಬ ಶಾಸ್ತ್ರವಿರುವುದರಿಂದ ಹಾಲಿಗೂ ಮಾಂಸಕ್ಕೂ ಬೇರೆ ಬೇರೆ ಪಾತ್ರೆ, ಬೇರೆ ಸೌಟು, ಬೇರೆ ತೊಟ್ಟಿ ಎಲ್ಲರ ಮನೆಯಲ್ಲೂ ಇವೆ. ಗಿಟಲ್‌ಗೆ ಮಾತ್ರ ಸದಾ ಸಂದೇಹ. ಮಾಂಸದ ಪಾತ್ರೆಗೆ ಹಾಲಿನ ಹನಿ ಸಿಡಿಯಿತೇನೋ, ಚಮಚ ಬದಲಾಯಿತೇನೋ. ಒಲೆಯ ಮೇಲಿನ ಅಡುಗೆ ಅಲ್ಲಿಂದ ನೇರವಾಗಿ ಕಸದ ಬುಟ್ಟಿಗೆ ಹೋಗುತ್ತಿತ್ತು. ಮಕ್ಕಳು ಮೂರು ವಾರದಿಂದ ಬ್ರೆಡ್ಡು, ಹಸಿ ಕ್ಯಾರೆಟ್ಟು ತಿಂದುಕೊಂಡಿದ್ದವು.

ಗಂಡ ಝಲ್ಮನ್ ಒಳ್ಳೆಯವನು, ಅದೇ ತೊಂದರೆ. ಹೆಂಡತಿ ಅಳಬಾರದೆಂದು ದಿನಕ್ಕೆ ನಾಲ್ಕು ಸಲ ಧರ್ಮಗುರು ರಬ್ಬಿ ಫೈವಲ್ ಅವರ ಮನೆಗೆ ಓಡಿ "ತಿನ್ನಬಹುದು" ಎಂಬ ತೀರ್ಪು ತರುತ್ತಿದ್ದ. ಗಿಟಲ್‌ಗೆ ಅರ್ಧ ಗಂಟೆ ನೆಮ್ಮದಿ. ಆಮೇಲೆ, ಗಂಡ ವಿಷಯ ಸರಿಯಾಗಿ ಹೇಳಿದನೋ ಇಲ್ಲವೋ ಎಂದು ಹೊಸ ಸಂದೇಹ. ಕೊನೆಗೆ ಅವನೂ ಸೋತ. ಈ ಶನಿವಾರದ ಸಬ್ಬತ್ ಕಳೆದ ಮೇಲೂ ಹೀಗೇ ಆದರೆ ಮಕ್ಕಳನ್ನು ಹೈಫಾದಲ್ಲಿರುವ ತನ್ನ ತಾಯಿಯ ಮನೆಗೆ ಕಳಿಸುವುದೆಂದು ಹೇಳಿಬಿಟ್ಟ.

ಹೆನ್ಯಾ ರಬ್ಬಿ ಫೈವಲ್ ಅವರ ಬಳಿ ಹೋದಳು.

"ರಬ್ಬಿಗಳೇ, ನೀವು 'ತಿನ್ನಬಹುದು' ಅಂದಷ್ಟೂ ಅವಳ ಕಾಯಿಲೆ ಬೆಳೀತಿದೆ."

"ಮತ್ತೆ 'ತಿನ್ನಬೇಡ' ಅನ್ನಲೇನಮ್ಮಾ?"

"ಏನೂ ಅನ್ನಬೇಡಿ. ಸಂದೇಹ ಕೇಳೋದನ್ನೇ ನಿಷೇಧ ಮಾಡಿ. ನಾನು ಹೇಳಿದ್ರೆ ಅವಳು ಕೇಳಲ್ಲ, ನೀವು ಹೇಳಿದ್ರೆ ಅದು ಶಾಸ್ತ್ರ."

ಮುದುಕರು ಗಡ್ಡ ನೀವಿಕೊಂಡರು. ಆಮೇಲೆ ಗಿಟಲ್‌ಳನ್ನು ಕರೆಸಿ, ಹೆನ್ಯಾಳ ಎದುರಿಗೇ ಹೇಳಿದರು. "ಕೇಳು ಮಗಳೇ. ನಿನ್ನ ಅಡುಗೆಮನೆಯ ಸಂದೇಹವೆಲ್ಲ ಇವತ್ತಿಂದ ನಂದು. ಪಾಪ ಬಂದ್ರೆ ನನ್ನ ತಲೆ ಮೇಲೆ ಬರಲಿ. ಇನ್ಮೇಲೆ ಕೇಳೋದು ನಿನಗೆ ನಿಷಿದ್ಧ. ಹಂದಿಮಾಂಸ ಹೇಗೋ ಹಾಗೆ."

ಹೆನ್ಯಾ ಹಿಗ್ಗಿದಳು. ಆ ಹಿಗ್ಗು ನಾಲ್ಕೇ ದಿನ. ಐದನೆಯ ದಿನ ಝಲ್ಮನ್ ತಲೆತಗ್ಗಿಸಿ ಬಂದ.

"ಬೇರೆ ರಬ್ಬಿಯನ್ನ ಕೇಳಿದೆ. ನಮ್ಮ ಮನೇದು ಅಂತ ಹೇಳಲಿಲ್ಲ, ಗೆಳೆಯನ ಹೆಂಡ್ತಿಗೆ ಅಂತ ಕೇಳಿದೆ."

"ಆ ಗೆಳೆಯನ ಹೆಂಡ್ತಿ ಯಾರು?"

"...ಗಿಟಲ್."

ಹೆನ್ಯಾಳ ಪಿತ್ತ ನೆತ್ತಿಗೇರಿತು. "ಅಯ್ಯೋ ಮಹಾರಾಯ! ಕಾಯಿಲೆ ಅವಳಿಗೋ ನಿಮಗೋ? ನಾನು ಬಾಗಿಲು ಹಾಕಿ ಬಂದ್ರೆ ನೀವು ಕಿಟಕಿ ತೆರೆದು ಕೂತಿದ್ದೀರಲ್ರೀ!" ಕೂಗಿದ್ದು ಕೆಳಗೆ ವಿಗ್ ಅಂಗಡಿಯವರೆಗೂ ಕೇಳಿಸಿರಬೇಕು.

ಗುರುವಾರ ಮಧ್ಯಾಹ್ನ ಅವಳೇ ಗಿಟಲ್ ಮನೆಗೆ ಹೋದಳು. ಝಲ್ಮನ್‌ನನ್ನು ಹೊರಗೆ ಕಳಿಸಿ, ಅವನ ಫೋನು ತಾನಿಟ್ಟುಕೊಂಡಳು. ಗಿಟಲ್ ಕೋಳಿಸಾರು ಮಾಡಬೇಕು, ಹಿಂತಿರುಗಿ ನೋಡದೆ ಬಡಿಸಬೇಕು. ಮಕ್ಕಳು ಆಗಲೇ ಮೇಜಿನ ಸುತ್ತ ಕುಳಿತು ತಟ್ಟೆ ಬಡಿಯುತ್ತಿದ್ದವು.

ಸಾರು ಕುದಿಯಿತು. ಚಿಕ್ಕ ಮಗು ಮೇಜು ಬಿಟ್ಟು ಹಾಲಿನ ಬಾಟಲಿ ಹಿಡಿದು ಒಲೆಯ ಪಕ್ಕ ಬಂತು. ಬಾಟಲಿ ಬೀಸಿತು.

"ಬಿತ್ತು!" ಗಿಟಲ್ ಚೀರಿದಳು. "ಹಾಲು ಬಿತ್ತು! ನೀವೂ ನೋಡಿದ್ರಿ ಅಲ್ವಾ?"

ಹೆನ್ಯಾ ನೋಡಿದ್ದಳು. ಏನನ್ನು ನೋಡಿದಳೆಂಬುದು ಅವಳಿಗೇ ಖಚಿತವಿರಲಿಲ್ಲ. ಬಿತ್ತೋ, ಬೀಳಲಿಲ್ಲವೋ.

"ನಾನು ಏನೂ ಹೇಳಲ್ಲ. ಬಡಿಸು."

"ಹಾಗಾದ್ರೆ ನೀವು ಮೊದಲು ತಿನ್ನಿ."

ಇದು ನ್ಯಾಯವಾದ ಮಾತು. ಹೆನ್ಯಾ ಚಮಚ ತುಂಬಿಕೊಂಡಳು. ಅರವತ್ತು ಪಾಲಿನಲ್ಲಿ ಒಂದು ಪಾಲಿಗಿಂತ ಕಡಿಮೆ ಬಿದ್ದ ಹನಿ ಲೆಕ್ಕಕ್ಕಿಲ್ಲವೆಂಬ ನಿಯಮ ಅವಳಿಗೆ ಬಾಯಿಪಾಠ. ರಬ್ಬಿಯ ತೀರ್ಪು ಕೊಡಿಸಿದವಳೂ ಅವಳೇ. ಆದರೂ ಚಮಚ ತುಟಿಯ ಹತ್ತಿರ ಬಂದು ನಿಂತಿತು. ಐವತ್ತೆರಡು ವರ್ಷಗಳಲ್ಲಿ ಒಮ್ಮೆಯೂ ತಿನ್ನದ್ದು ಇದರಲ್ಲಿದ್ದರೆ? ತೀರ್ಪು ಕೊಟ್ಟದ್ದು ಗಿಟಲ್‌ಗೆ, ತನಗಲ್ಲವಲ್ಲ? ಗಿಟಲ್‌ಳ ಹಾಗೆ ತಾನೂ ಯೋಚಿಸುತ್ತಿದ್ದೇನೆಂದು ತಿಳಿದು ಅವಳಿಗೆ ನಾಚಿಕೆಯಾಯಿತು, ತನ್ನ ಮೇಲೆಯೇ ಕೆಟ್ಟ ಕೋಪ ಬಂತು. ಕೋಪ ಬಂದರೂ ಚಮಚ ಮಾತ್ರ ಬಾಯಿಗೆ ಹೋಗಲಿಲ್ಲ.

ಗಿಟಲ್ ನೋಡುತ್ತಲೇ ಇದ್ದಳು. ಮೊದಲು ಅವಳ ಮುಖ ಬಿಳಿಚಿತು. ಆಮೇಲೆ ಅದರಲ್ಲಿ ಹೆನ್ಯಾ ಹಿಂದೆಂದೂ ನೋಡಿರದ ಏನೋ ಒಂದು ಮೂಡಿತು.

"ನಿಮಗೂ ಹೀಗಾಗುತ್ತಾ?"

ಸುಳ್ಳು ಹೇಳಬಹುದಿತ್ತು. "ಆಗುತ್ತೆ," ಎಂದಳು ಹೆನ್ಯಾ.

"ಅಷ್ಟು ಓದಿದ ಮೇಲೂ?"

"ಓದಿದ ಮೇಲೂ."

ದೊಡ್ಡ ಮಗಳು ಮೇಜಿನಿಂದ ಕೂಗಿದಳು. "ಅಮ್ಮಾ, ಇದನ್ನೂ ಚೆಲ್ತೀಯಾ?"

ಗಿಟಲ್ ಹೆನ್ಯಾಳ ಕೈಯಿಂದ ಚಮಚ ಕಿತ್ತುಕೊಂಡಳು. ಕಣ್ಣು ಬಿಗಿಯಾಗಿ ಮುಚ್ಚಿ ಬಾಯಿಗಿಟ್ಟಳು, ನುಂಗಿದಳು. ಸೌಟು ತೆಗೆದುಕೊಂಡು ಮೂರು ತಟ್ಟೆಗೂ ಬಡಿಸಿದಳು. ನಾಲ್ಕನೆಯ ತಟ್ಟೆಯನ್ನು ಹೆನ್ಯಾಳ ಮುಂದೆ ಕುಕ್ಕಿದಳು.

"ಕೂತ್ಕೊಳ್ಳಿ, ತಿನ್ನಿ. ಆರಿಹೋಗುತ್ತೆ. ನಿಮಗೋಸ್ಕರ ನಾನು ಇನ್ನೊಂದು ಸಲ ರಬ್ಬಿ ಹತ್ರ ಹೋಗಕ್ಕಾಗಲ್ಲ."