ಟ್ಯಾಂಕಿನೊಳಗೆ ಇಣುಕುತ್ತಿದ್ದ ಎಣ್ಣೆ ಅಣ್ಣ

ನಮ್ಮಣ್ಣನನ್ನು ಬೀದಿಯವರೆಲ್ಲ ಎಣ್ಣೆ ಅಣ್ಣ ಎಂದೇ ಕರೆಯುತ್ತಿದ್ದರು. ಹೊಸಬರು ಹೆಸರು ಕೇಳಿ ಕುಡುಕನಿರಬೇಕು ಅಂದುಕೊಳ್ಳುತ್ತಿದ್ದರು. ಪಾಪ, ಟೀಯನ್ನೇ ಅರ್ಧ ಲೋಟ ಬಿಡುತ್ತಿದ್ದ ಪ್ರಾಣಿ ಅದು. ಅವನ ಎಣ್ಣೆಯೆಲ್ಲ ಹಳೇ ಮೋಟಾರ್ ಸೈಕಲ್ಲುಗಳ ಹೊಟ್ಟೆಗೆ. ಈಗ ಅವನೂ ಇಲ್ಲ, ಆ ಶೆಡ್ಡೂ ಇಲ್ಲ. ಆದರೂ ಎಲ್ಲಾದರೂ ಸುಟ್ಟ ಆಯಿಲಿನ ವಾಸನೆ ಬಂದರೆ ಸಾಕು, ಬಯ್ಯಲು ಬಾಯಿ ತೆರೆದೇಬಿಡುತ್ತೇನೆ. ಆಮೇಲೆ, ಯಾರನ್ನು ಬಯ್ಯಲಿ ಎಂದು ಸುಮ್ಮನಾಗುತ್ತೇನೆ.

ಬಯ್ಯದೆ ಇನ್ನೇನು? ಒಂದೇ ಶೆಡ್ಡಿನ ಮುಂದಿನ ಅರ್ಧ ನನ್ನ ಹೊಲಿಗೆ ಅಂಗಡಿ, ಹಿಂದಿನ ಅರ್ಧ ಅವನ ಗ್ಯಾರೇಜು. ನನ್ನದು ಶಾಲೆ ಮಕ್ಕಳ ಬಿಳಿ ಬಟ್ಟೆ, ಅವನದು ಕರಿ ಎಣ್ಣೆ. ದಿನವಿಡೀ ಎಣ್ಣೆ ಸೀಗೆಕಾಯಿ. ಮಧ್ಯಾಹ್ನ ಮಾತ್ರ ನನ್ನ ಮೇಜಿನ ಮೇಲೆ ಹಳೇ ಪೇಪರ್ ಹಾಸಿ ಎದುರುಬದುರು ಕೂತು ಉಣ್ಣುತ್ತಿದ್ದೆವು.

ಆ ಹಳೇ ಗಾಡಿಗಳಲ್ಲಿ ಆಯಿಲಿಗೆ ಬೇರೆಯೇ ಟ್ಯಾಂಕು. ಅಲ್ಲಿಂದ ಪೈಪಿನಲ್ಲಿ ಇಳಿದ ಎಣ್ಣೆ ಎಂಜಿನ್ನೆಲ್ಲ ಸುತ್ತಿ ಮತ್ತೆ ಟ್ಯಾಂಕಿಗೇ ಬಂದು ಬೀಳಬೇಕು. ಗಾಡಿ ಸ್ಟಾರ್ಟ್ ಮಾಡಿದೊಡನೆ ಅಣ್ಣ ಮುಚ್ಚಳ ತೆಗೆದು ಬಗ್ಗಿ ನೋಡುತ್ತಿದ್ದ. ಒಳಗಿನ ಸಣ್ಣ ಕೊಳವೆಯಿಂದ ಎಣ್ಣೆ ಬಿದ್ದರೆ ಸರಿ, ಇಲ್ಲದಿದ್ದರೆ ತಕ್ಷಣ ಆಫ್. ನನಗೆ ಹೆರಿಗೆ ನೋವು ಬಂದು ಅವನ ಗಾಡಿಯಲ್ಲೇ ಆಸ್ಪತ್ರೆಗೆ ಹೋಗಬೇಕಾದ ದಿನವೂ ಈ ಮಹಾರಾಯ ಇಣುಕಿಯೇ ಹೊರಟ. "ಅಯ್ಯೋ, ಹೊರಡೋ!" ಎಂದು ನಾನು ಕಿರುಚಿದರೆ, "ಇರೇ, ಎಣ್ಣೆ ಬರಲಿ" ಅಂದ. ಈಗ ನೆನೆದರೆ ನಗು ಬರುತ್ತದೆ.

ಒಂದು ಸಲ ಬೇಕರಿಯವರು ತಮ್ಮ ತಂದೆಯ ಕಾಲದ ಗಾಡಿ ತಂದರು. ಅಣ್ಣ ಹಳೇ ಆಯಿಲ್ ಇಳಿಸಿ, ಜಾಲರಿ ತೊಳೆದು, ಹೊಸದು ತುಂಬಿ ಕಿಕ್ ಹೊಡೆದ. ಹೊಗೆಯೆಲ್ಲ ನನ್ನ ಕಡೆಗೇ ಬಂತು. ಜಗಳಕ್ಕೆಂದು ಎದ್ದು ಹೋದೆ. ಅಣ್ಣ ಟ್ಯಾಂಕಿನ ಮೇಲೆ ಬಗ್ಗಿದ್ದ. "ಎಣ್ಣೆ ಚೆನ್ನಾಗಿ ಬರ್ತಿದೆ, ತಗೊಂಡ್ಹೋಗಿ ಸಾರ್" ಅಂದ. ನಾನೂ ಇಣುಕಿದೆ. ಒಂದು ಹನಿಯೂ ಬೀಳುತ್ತಿರಲಿಲ್ಲ.

"ಎಲ್ಲಿ ಬರ್ತಿದೆಯೋ? ಆಫ್ ಮಾಡು!"

ಆಫ್ ಮಾಡಿದ. ಬೆರಳು ಹಾಕಿ ಕೊಳವೆ ಮುಟ್ಟಿದ. ಒಣಗಿತ್ತು. ಅವನ ಕೈ ಟ್ಯಾಂಕಿನ ಕೆಳಗೆ ಪೈಪನ್ನು ತಡವುತ್ತ ಹೋಗಿ ಒಂದು ಕಡೆ ನಿಂತಿತು. ಅಲ್ಲೊಂದು ಪುಟ್ಟ ನಲ್ಲಿ, ಮುಚ್ಚಿತ್ತು. ನಿಂತ ಗಾಡಿಯಲ್ಲಿ ಎಣ್ಣೆ ಎಂಜಿನ್ನಿಗೆ ಜಿನುಗದಿರಲೆಂದು ಕೆಲವರು ಹೀಗೆ ನಲ್ಲಿ ಹಾಕಿಸುತ್ತಾರೆ. ತೆರೆಯಲು ಮರೆತರೆ ಎಣ್ಣೆಯಿಲ್ಲದೆ ಎಂಜಿನ್ ಕಾದು ಕಚ್ಚಿಕೊಂಡು ಸೀಜ್ ಆಗುತ್ತದೆ.

ಬೇಕರಿಯವರು ನಾಲಿಗೆ ಕಚ್ಚಿಕೊಂಡರು. "ಅಯ್ಯೋ, ನಾನೇ ಹಾಕಿಸಿದ್ದು. ನಿಮಗೆ ಹೇಳೋದೇ ಮರೆತೆ."

ನನ್ನ ಯೋಚನೆ ನಲ್ಲಿಯ ಮೇಲಿರಲಿಲ್ಲ. "ಇಲ್ಲದ ಎಣ್ಣೆ ನಿಂಗೆ ಹೇಗೋ ಕಾಣಿಸ್ತು?"

ಅಣ್ಣ ಕೈ ಒರೆಸಿಕೊಳ್ಳುತ್ತಲೇ ಇದ್ದ. "ಕಾಣಿಸಲ್ಲ ಕಣೇ. ಈಚೀಚೆಗೆ ಎದುರಿಗಿರೋದೆಲ್ಲ ಮಬ್ಬು. ಹೋದ ದೃಷ್ಟಿ ವಾಪಸ್ ಬರಲ್ಲ ಅಂದ್ರು ಡಾಕ್ಟರು. ಎಂಜಿನ್ ಶಬ್ದ ಕೇಳಿ ಹೇಳ್ತಿದ್ದೆ. ನಿನ್ನನ್ನೂ ಅಷ್ಟೇ, ಬೈಗುಳದಿಂದಲೇ ಗುರುತು ಹಿಡೀತೀನಿ."

ದಿನಾ ಎದುರಿಗೆ ಕೂತು ಉಂಡಿದ್ದಾನೆ, ಒಂದು ಮಾತು ಹೇಳಿರಲಿಲ್ಲ ಭೂಪ! ಸಿಟ್ಟೂ ಅಳುವೂ ಒಟ್ಟಿಗೇ ಬಂದವು.

"ಗಾಡಿ ಬೇರೆ ಕಡೆ ತಗೊಂಡ್ಹೋಗಿ ಸಾರ್. ಇವತ್ತಿಗೆ ನನ್ನ ಕೆಲಸ ಮುಗೀತು" ಎಂದು ಅಣ್ಣ ಹೋಗಿ ಶಟರ್‌ಗೆ ಕೈ ಹಾಕಿದ. ಸ್ಪ್ಯಾನರ್ ಬಿಟ್ಟರೆ ಇವನು ಬಹಳ ದಿನ ಬದುಕುವ ಆಸಾಮಿಯಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

"ಎಣ್ಣೆ ನಾನು ನೋಡ್ತೀನಿ. ಮಿಕ್ಕಿದ್ದೆಲ್ಲ ನೀನು ಮಾಡು."

"ನಿನ್ನ ಕಣ್ಣಲ್ಲಿ ನೋಡಿ ಮಾಡಿದ್ರೆ ಅದು ನನ್ನ ಕೆಲಸ ಹೇಗಾಗುತ್ತೆ?"

"ಹೌದಾ? ಕಣ್ಣು ಮಂಜಾದ ಮೇಲೆ ಕೊನೇವರೆಗೂ ಅಮ್ಮನಿಗೆ ಸೂಜಿ ಪೋಣಿಸಿಕೊಟ್ಟೋನು ನೀನು. ನಮ್ಮ ಬಟ್ಟೆ ಹೊಲಿದಿದ್ದು ನೀನಾ, ಅಮ್ಮನಾ?"

ಅಣ್ಣ ಶಟರ್ ಬಿಟ್ಟ. ಆಮೇಲೆ ವಾಪಸ್ ಬಂದು, ತಡವಿ ಆ ನಲ್ಲಿ ತೆರೆದ. ಕಿಕ್ ಮೇಲೆ ಕಾಲಿಟ್ಟ.

"ಬಾಯಿ ಮುಚ್ಚೇ ಸಾಕು" ಅಂದ. "ಬಾ ಇಲ್ಲಿ, ನಿಂತ್ಕೋ. ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ನೋಡು."

ಯಾರಿಗೂ ಎಂದೂ ಬಿಟ್ಟುಕೊಡದಿದ್ದ ಜಾಗದಿಂದ ಅವನು ಒಂದು ಹೆಜ್ಜೆ ಪಕ್ಕಕ್ಕೆ ಸರಿದ.