ಸರೋಜಕ್ಕನ ಹೃದಯಕ್ಕೊಬ್ಬ ಡಾಕ್ಟರು

ಗ್ಯಾಸ್ ಸಿಲಿಂಡರ್ ತಂದವನನ್ನು ಸರೋಜಕ್ಕ ಬಾಗಿಲಲ್ಲೇ ನಿಲ್ಲಿಸಿ, ಅವನ ತಕ್ಕಡಿಗೇ ಸಿಲಿಂಡರ್ ತೂಗಿಹಾಕಿಸುತ್ತಿದ್ದರು. ಆಮೇಲೆ ಆ ತಕ್ಕಡಿಯ ಮೇಲೂ ಅನುಮಾನ ಬಂದು, ಒಳಗಿನಿಂದ ಐದು ಕೆಜಿ ಗೋಧಿಹಿಟ್ಟಿನ ಚೀಲ ತಂದು ಅದಕ್ಕೇ ತೂಗಿ ನೋಡುತ್ತಿದ್ದರು. ಚೀಲದಲ್ಲಿ ಐದು ಕೆಜಿ ಇದೆ ಅಂತ ಹೇಗೆ ನಂಬೋದು ಎಂದು ನಾನೊಮ್ಮೆ ತಮಾಷೆಗೆ ಕೇಳಿದೆ. ಅಂದಿನಿಂದ ಅದೂ ಅವರಿಗೊಂದು ಹೊಸ ಚಿಂತೆಯಾಯಿತು.

ಸೂರತ್‌ನ ಅಡಾಜಣ್‌ನಲ್ಲಿ ನಮ್ಮದು ಎದುರುಬದುರು ಫ್ಲ್ಯಾಟು. ನಾನು ಹಜೀರಾದ ಕಾರ್ಖಾನೆಯೊಂದಕ್ಕೆ ಹೊಸದಾಗಿ ಸೇರಿ ಒಬ್ಬಳೇ ಬಾಡಿಗೆಗಿದ್ದೆ. ಅವರ ಗಂಡ ಮಾಲತೇಶಣ್ಣ ಅದೇ ಕಾರ್ಖಾನೆಯಲ್ಲಿ ಹಿರಿಯ ಇಂಜಿನಿಯರು. ಮಗಳು ವಡೋದರಾದಲ್ಲಿ ಕೆಲಸದಲ್ಲಿದ್ದಳು. ಅಮ್ಮ ಫೋನಿನಲ್ಲಿ ಕನ್ನಡದಲ್ಲಿ ಬೈದರೆ ಅವಳು ಗುಜರಾತಿಯಲ್ಲಿ ಉತ್ತರ ಕೊಡುತ್ತಿದ್ದಳು. ಗುಜರಾತ್‌ಗೆ ಬಂದು ಎಷ್ಟು ವರ್ಷವಾದರೂ ಸರೋಜಕ್ಕನ ಮಾತು ಮಾತ್ರ ಅಪ್ಪಟ ಹುಬ್ಬಳ್ಳಿಯದೇ. ನಾನು ಸಾಮಾನು ಇಳಿಸಿದ ದಿನ ಮೊದಲು ನನ್ನ ಆಧಾರ್ ಕಾರ್ಡು ಇಸಿದುಕೊಂಡು ಫೋಟೊಕ್ಕೂ ನನಗೂ ತಾಳೆ ನೋಡಿದರು. ಆಮೇಲೆ ಉಪ್ಪಿಟ್ಟು ತಂದುಕೊಟ್ಟರು.

ಯಾರು ಏನು ಉಪಕಾರ ಮಾಡಲು ಬಂದರೂ ಸರೋಜಕ್ಕನದು ಒಂದೇ ಪ್ರಶ್ನೆ. "ಇದ್ರಾಗ ಅಂವಗೇನ್ ಸಿಗತೈತಿ?"

ಒಂದು ಭಾನುವಾರ ಚಪಾತಿ ಲಟ್ಟಿಸುತ್ತಿದ್ದವರು ಲಟ್ಟಣಿಗೆ ಬಿಟ್ಟು ಗೋಡೆ ಹಿಡಿದುಕೊಂಡರು. ನಾನು ಓಡಿಹೋಗಿ ಕೂರಿಸಿದೆ. "ವಾಷಿಂಗ್ ಮಷಿನ್ಯಾಗ ಬಟ್ಟಿ ಒಂದ ಕಡೆ ಸೇರಿದ್ರ ದಡಬಡ ಅಂತ ಹೊಯ್ದಾಡತೈತಲ್ಲ, ಎದ್ಯಾಗ ಹಂಗಾತವಾ" ಎಂದರು. ನೀರು ಕುಡಿದು ಸ್ವಲ್ಪ ಹೊತ್ತಿಗೆ ಸರಿಹೋಯಿತು. ಆದರೆ ಅದೇ ವಾರ ಮತ್ತೆ ಬಂತು.

ಮಾಲತೇಶಣ್ಣ ಕರೆದುಕೊಂಡು ಹೋಗುತ್ತೇನೆಂದರೆ ಒಪ್ಪಲಿಲ್ಲ. "ನಮ್ಮನಿಯವ್ರು ಡಾಕ್ಟರ್ ಏನಂದ್ರೂ ಹೂಂ ಅಂತಾರ. ನೀ ಬಾ" ಎಂದು ನನ್ನನ್ನು ಹೊರಡಿಸಿದರು.

ನಾನು ಫೋನಿನಲ್ಲಿ ಸೂರತ್‌ನ ಹೃದಯತಜ್ಞರನ್ನು ಹುಡುಕಿ, ಎಲ್ಲರೂ ಐದು ನಕ್ಷತ್ರ ಕೊಟ್ಟ ಒಬ್ಬರನ್ನು ತೋರಿಸಿದೆ. "ಇಷ್ಟು ಮಂದ್ಯಾಗ ಒಬ್ಬರಿಗೂ ಬ್ಯಾಸರ ಆಗಿಲ್ಲೇನು?" ಎಂದು ಮುಖ ಸಿಂಡರಿಸಿಕೊಂಡೇ ಬಂದರು. ಆ ಡಾಕ್ಟರು ನಗುನಗುತ್ತಾ ಮಾತಾಡಿಸಿದರು. ಇಸಿಜಿ ಸರಿಯಾಗಿಯೇ ಬಂತು. ಆದರೂ ಇವತ್ತೇ ಅಡ್ಮಿಟ್ ಆಗಿ, ಆಂಜಿಯೋಗ್ರಾಮ್ ಮಾಡಿ ನೋಡೋಣ ಎಂದರು. ಸರೋಜಕ್ಕ ಎದ್ದು ಹೊರಗೆ ಬಂದು, "ಸರಿ ಐತಿ ಅಂತಾನ, ಕೊಯ್ಯೂಣು ಅಂತಾನ. ಮ್ಯಾಲ ನಗತಾನ ಬ್ಯಾರೆ" ಎಂದರು.

ಆಮೇಲೆ ವಡೋದರಾ. ಮಗಳು ತನ್ನ ಆಫೀಸಿನವರನ್ನು ಕೇಳಿ ಒಬ್ಬರನ್ನು ಗೊತ್ತುಮಾಡಿದ್ದಳು. ಅವರು ಇಸಿಜಿ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, ಏನೂ ಇಲ್ಲ, ಗ್ಯಾಸು, ಈ ವಯಸ್ಸಿನ ಹೆಂಗಸರಿಗೆ ಟೆನ್ಷನ್ನು ಎಂದು ಮುಂದಿನವರನ್ನು ಕರೆದರು. ಹೆದರಿಸಿದವರನ್ನು ನಂಬದ ಸರೋಜಕ್ಕ, ಹೆದರಬೇಡಿ ಎಂದವರನ್ನಾದರೂ ನಂಬುತ್ತಾರೆ ಎಂದುಕೊಂಡಿದ್ದೆ. ವಾಪಸು ಬರುವ ರೈಲಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತಿದ್ದರು. ಭರೂಚ್ ಸ್ಟೇಷನ್ ದಾಟಿದ ಮೇಲೆ ಹೇಳಿದರು.

"ನಮ್ಮ ಅಕ್ಕಗೂ ಹಿಂಗಽ ಅಂದಿದ್ರು. ಗ್ಯಾಸ್ ಐತಿ, ಮಜ್ಜಿಗಿ ಕುಡೀರಿ ಅಂತ. ಕುಡದು ಮಲಗಿದಾಕಿ ಏಳಲಿಲ್ಲ. ಅವತ್ತ ಅಲ್ಲೆ ಕೂತು ಹೂಂ ಅಂದಾಕಿ ನಾನಽ."

ಅಷ್ಟು ದಿನ ನಾನು ಅವರ ಅನುಮಾನಗಳನ್ನು ಆಫೀಸಿನಲ್ಲಿ ಹೇಳಿ ನಗಿಸುತ್ತಿದ್ದೆ. ಆಮೇಲೆ ಹೇಳಲಾಗಲಿಲ್ಲ.

ಮೂರನೆಯ ಡಾಕ್ಟರನ್ನು ಅವರೇ ಆರಿಸಿದರು. ಒಂದೇ ನಕ್ಷತ್ರ ಕೊಟ್ಟು ಬೈದವರ ಮಾತುಗಳನ್ನಷ್ಟೇ ಓದು ಎಂದರು. ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ಎದೆಬಡಿತದ ಏರುಪೇರನ್ನೇ ನೋಡುವ ತಜ್ಞರೊಬ್ಬರಿದ್ದರು. ಯಾರೋ ಅವರನ್ನು ಬೈದು, ಈ ಡಾಕ್ಟರಿಗೆ ಮಾತಾಡಲು ಬರುವುದಿಲ್ಲ, ನಿಮಗೇನಾಗಿದೆಯೋ ಇನ್ನೂ ಗೊತ್ತಿಲ್ಲ ಎಂದು ಮಷಿನ್ ಕಟ್ಟಿ ಮನೆಗೆ ಕಳಿಸಿದರು ಎಂದು ಬರೆದಿದ್ದರು. ಸರೋಜಕ್ಕ ಎದ್ದು ಕೂತರು. "ಗೊತ್ತಿಲ್ಲ ಅಂದಾನ? ಅಲ್ಲಿಗೇ ಹೋಗೂಣು."

ನಿಜಕ್ಕೂ ಆ ಡಾಕ್ಟರ ಮುಖದಲ್ಲಿ ನಗು ಇರಲಿಲ್ಲ. ಹಳೆಯ ಇಸಿಜಿಗಳನ್ನು ಬದಿಗಿಟ್ಟು, "ಎದೆ ಹೊಡೆದುಕೊಳ್ಳುವಾಗ ತೆಗೆದದ್ದು ಒಂದೂ ಇಲ್ಲ. ಇವುಗಳಿಂದ ಏನೂ ಹೇಳಲಾಗುವುದಿಲ್ಲ" ಎಂದು ಹಿಂದಿಯಲ್ಲಿ ಹೇಳಿದರು. ಎದೆಗೆ ಅಂಟಿಸಿಕೊಂಡು ಓಡಾಡುವ ಒಂದು ಸಣ್ಣ ಮಷಿನ್ ಕೊಟ್ಟು, ಹೊಡೆದುಕೊಂಡಾಗ ಅದರ ಗುಂಡಿ ಒತ್ತಬೇಕು ಎಂದರು.

"ನಾ ಸುಮ್ಮಸುಮ್ನ ಒತ್ತಿದ್ರ?" ಎಂದು ಸರೋಜಕ್ಕ ತಮ್ಮ ಹುಬ್ಬಳ್ಳಿ ಹಿಂದಿಯಲ್ಲಿ ಕೇಳಿದರು.

"ನನಗೆ ಗೊತ್ತಾಗುತ್ತದೆ. ನಾನೂ ಪೇಷಂಟುಗಳನ್ನು ಅಷ್ಟು ಸುಲಭಕ್ಕೆ ನಂಬುವುದಿಲ್ಲ."

ಸರೋಜಕ್ಕ ನನ್ನ ಕಡೆ ತಿರುಗಿ ಹುಬ್ಬೇರಿಸಿದರು. ಅವರಿಗೆ ಮನುಷ್ಯ ಹಿಡಿಸಿದ್ದ.

ಮಷಿನ್ನಿನಲ್ಲಿ ಎಲ್ಲವೂ ಸಿಕ್ಕಿತು. ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರುತ್ತಿದ್ದವು. ಹಾಗಾದಾಗ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗುವ ಅಪಾಯವಿದೆ, ಅವರಿಗೆ ಬಿಪಿಯೂ ಇದ್ದುದರಿಂದ ರಕ್ತ ತೆಳುವಾಗಿಸುವ ಮಾತ್ರೆ ಬೇಕು ಎಂದರು ಡಾಕ್ಟರು. ಸರೋಜಕ್ಕ ಮಾತ್ರೆಯ ಡಬ್ಬಿಯೊಳಗಿನ ಚೀಟಿಯನ್ನು ನನ್ನಿಂದ ಕೊನೆಯವರೆಗೂ ಓದಿಸಿ, ಅದರಲ್ಲಿದ್ದ ಒಂದೊಂದು ತೊಂದರೆಗೂ ಡಾಕ್ಟರಿಂದ ಉತ್ತರ ಪಡೆದ ಮೇಲೆಯೇ ನುಂಗಿದರು. ಅಷ್ಟಾದರೂ ಬಡಿತ ಹತೋಟಿಗೆ ಬರಲಿಲ್ಲ. ಮೆಟ್ಟಿಲು ಹತ್ತುವಾಗ ಮಧ್ಯೆ ಕುಳಿತುಬಿಡುತ್ತಿದ್ದರು. ಕೊನೆಗೆ, ತೊಡೆಯ ರಕ್ತನಾಳದಿಂದ ಹೃದಯಕ್ಕೆ ತಂತಿ ಹಾಯಿಸಿ ಸರಿಪಡಿಸುವ ಚಿಕಿತ್ಸೆ ಮಾಡುವುದೆಂದು ನಿರ್ಧಾರವಾಯಿತು.

ಆ ಬೆಳಿಗ್ಗೆ ಆಪರೇಷನ್ ಕೋಣೆಯ ಹೊರಗೆ ಸ್ಟ್ರೆಚರ್ ಮೇಲೆ ಮಲಗಿದ್ದ ಸರೋಜಕ್ಕ ಡಾಕ್ಟರನ್ನು ತಡೆದರು.

"ನೀವಽ ಮಾಡ್ತೀರೋ, ಬ್ಯಾರೆಯವ್ರ ಕೈಗೆ ಕೊಡ್ತೀರೋ?"

"ನಾನೇ ಮಾಡುತ್ತೇನೆ."

"ನಾ ಎಚ್ಚರ ಇರೂದಿಲ್ಲ. ನನಗ ಹೆಂಗ ಗೊತ್ತಾಗಬೇಕು?"

"ಗೊತ್ತಾಗುವುದಿಲ್ಲ. ಅದೊಂದನ್ನು ನೀವು ನಂಬಲೇಬೇಕು."

ಸರೋಜಕ್ಕ ನನ್ನ ಮಣಿಕಟ್ಟು ಹಿಡಿದಿದ್ದರು. "ಹೆದರಿಕಿ ಬರತೈತವಾ" ಎಂದರು, ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ. ಆಮೇಲೆ ನನ್ನ ಕೈ ಬಿಟ್ಟು, ಡಾಕ್ಟರಿಗೆ ತಲೆಯಾಡಿಸಿದರು. ಮಾಲತೇಶಣ್ಣ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು.

ಬಡಿತ ಸರಿಹೋಯಿತು. ಮೊದಲಿನಂತೆ ಮೆಟ್ಟಿಲು ಹತ್ತಿದರು, ತರಕಾರಿಯವನ ಜೊತೆ ಜಗಳಾಡಿದರು. ಆಸ್ಪತ್ರೆಯ ಬಿಲ್ಲಿನಲ್ಲಿ ಕೈಗವಸಿನ ಲೆಕ್ಕ ಜಾಸ್ತಿ ಹಾಕಿದ್ದಾರೆ ಎಂದು ಕೊನೆಯವರೆಗೂ ಹೇಳುತ್ತಿದ್ದರು.

ಮಾಲತೇಶಣ್ಣ ನಿವೃತ್ತರಾದ ಮೇಲೆ ಇಬ್ಬರೂ ಮಗಳಿದ್ದ ವಡೋದರಾಕ್ಕೆ ಹೊರಟರು. ಅಲ್ಲಿ ಮೂರು ವರ್ಷ ಎದೆಯ ತಂಟೆಯಿಲ್ಲದೆ ಇದ್ದು, ಹೋದ ಮಳೆಗಾಲ ಕಾಮಾಲೆಯಾಗಿ ಸರೋಜಕ್ಕ ತೀರಿಕೊಂಡರು. ಸುದ್ದಿ ತಲುಪುವಾಗ ನಾನು ಬೇರೆ ರಾಜ್ಯದಲ್ಲಿದ್ದೆ, ಹೋಗಲಾಗಲಿಲ್ಲ. ಹಾಗಾಗಿ ನಾನು ಅವರನ್ನು ಕೊನೆಯ ಸಲ ನೋಡಿದ್ದು ಅವರು ಅಡಾಜಣ್ ಬಿಟ್ಟ ದಿನವೇ.

ಸಾಮಾನು ಸಾಗಿಸುವವರು ದಾರಿಯಲ್ಲಿ ಏನಾದರೂ ಇಳಿಸಿಕೊಂಡುಬಿಟ್ಟರೆ ಎಂದು, ಗಂಡನನ್ನು ರೈಲಿಗೆ ಕಳಿಸಿ ತಾವೇ ಲಾರಿಯ ಮುಂದಿನ ಸೀಟಿನಲ್ಲಿ ಹತ್ತಿ ಕೂತಿದ್ದರು. ಯಾರು ಹೇಳಿದರೂ ಇಳಿಯಲಿಲ್ಲ. ಡ್ರೈವರ್ ಹಣೆ ಚಚ್ಚಿಕೊಂಡು ಗಾಡಿ ಎತ್ತಿದ. ಲಾರಿ ನದಿಯ ಸೇತುವೆಯ ಕಡೆ ತಿರುಗುವಾಗ ಕಿಟಕಿಯಿಂದ ಅವರ ಕೈ ಹೊರಬಂದು ಆಡಿತು. ನಾನು ಎರಡೂ ಕೈಯೆತ್ತಿ ಬೀಸಿದೆ. ಆಮೇಲೆ ಕಣ್ಣೊರೆಸಿಕೊಂಡು ನೋಡಿದರೆ, ಸರೋಜಕ್ಕ ಅದೇ ಕೈಯಿಂದ ಲಾರಿಯ ಬಾಗಿಲು ಸರಿಯಾಗಿ ಹಾಕಿದೆಯೋ ಇಲ್ಲವೋ ಎಂದು ಹೊರಗಿನಿಂದ ಹಿಡಿಕೆ ಎಳೆದೆಳೆದು ನೋಡುತ್ತಿದ್ದರು.