ಮಾವನವರ ಬಿಳಿ ಕಾರಿನ ಬಾಗಿಲು

ಘೋಡಗೇರಿಯ ನಮ್ಮ ಮಾವನವರಿಂದ ಎರಡು ದಿನಕ್ಕೆಂದು ತಂದ ಬಿಳಿ ಕಾರಿನ ಬಾಗಿಲನ್ನು ಮೇಲವಂಕಿಯ ನಮ್ಮ ಮನೆ ಗೇಟಿಗೇ ಉಜ್ಜಿಬಿಟ್ಟೆ. ಮರುದಿನ ವಾಪಸ್ ಒಪ್ಪಿಸಬೇಕು! ಗೋಕಾಕಕ್ಕೆ ಓಡಿ ಅದೇ ಬಣ್ಣದ ಸ್ಪ್ರೇ ಡಬ್ಬಿ ತಂದೆ. ಗೀರನ್ನು ತಿಕ್ಕಿ ನುಣುಪು ಮಾಡಿ, ಸುತ್ತ ಪೇಪರ್ ಅಂಟಿಸಿ, ಹೊಡೆಯಲು ಶುರುಮಾಡಿದ್ದೇ ತಡ, ಬಣ್ಣ ಕೆಳಗೆ ಸೋರತೊಡಗಿತು.

ಯಾರದೋ ಮನೆ ಹುಡುಕುತ್ತ ಬಂದಿದ್ದ ಹೆಣ್ಣುಮಗಳೊಬ್ಬಳು ಗೇಟಿನಲ್ಲೇ ನಿಂತು, "ಅಷ್ಟ ಸನೇಕ ಹಿಡದ್ರ ಸೋರತೈತ್ರಿ ಅಣ್ಣಾರ," ಅಂದಳು.

"ಇದು ರಂಗೋಲಿ ಅಲ್ರಿ ಅಕ್ಕಾರ," ಅಂದೆ ಸಿಟ್ಟಿನಲ್ಲಿ.

"ಖರೆ ಐತ್ರಿ. ನಾ ಗೋಕಾಕದಾಗ ಹತ್ತ ವರ್ಷದಿಂದ ಕಬ್ಬಿಣದ ತಿಜೂರಿಗೆ ಬಣ್ಣಾ ಹೊಡ್ಯಾಕತ್ತೇನಿ."

ನಾಚಿಕೆಯಾಗಿ ಡಬ್ಬಿಯನ್ನು ಅವಳ ಕೈಗೇ ಕೊಟ್ಟೆ. ಸೋರಿದ್ದನ್ನು ನನ್ನಿಂದ ಒರೆಸಿಸಿ, ಡಬ್ಬಿಯನ್ನು ಗೇಣು ದೂರ ಹಿಡಿದು, ಕೈ ನಿಲ್ಲಿಸದೆ ಒಂದು ತೆಳು ಪದರ ಎಳೆದಳು. "ಇದು ಒಣಗಲಿ. ಇನ್ನೆರಡ ಸಲ ನೀವ ಹೊಡೀರಿ," ಅಂದಳು. ಹೊಡೆದೆ! ಬಾಗಿಲಲ್ಲಿ ನನ್ನ ಹಲ್ಲು ಕಾಣುವಷ್ಟು ಮಿಂಚು. ಕುಣಿಯುವುದೊಂದೇ ಬಾಕಿ.

ಮರುದಿನ ಮಾವನವರು ಕಾರಿಗೆ ಒಂದು ಸುತ್ತು ಹಾಕಿ, ಸರಿಯಾಗಿ ಆ ಬಾಗಿಲ ಮುಂದೆಯೇ ನಿಂತರು.

"ಏನ್ರಿ ಅಳಿಯಾರ, ಇದೊಂದ ಬಾಗಿಲಾ ಯಾಕ ತೊಳದೀರಿ?"

"ನೀರ ಸಾಲಲಿಲ್ರಿ ಮಾವಾರ," ಅಂದೆ.